ಗೋದಿಯ ಬಣ್ಣ

ಖಾನಾಪುರ
೧೪ ಫೆಬ್ರುವರಿ ೧೯೮೩

ಧನ್ಯಕುಮಾರನಿಗೆ,

ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತಿ. ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ನೀನು ಬೇಕರಿ ತೆಗೆದಾಗ, ಹಿಟ್ಟು ಹುಳಿ ಬರಿಸಿ ಜೀವ ಕೊಂದು ಮಾರುವ ತಮ್ಮನ ಮನೆಯ ನೀರೂ ನನಗೆ ಬೇಡ ಅಂದಿದ್ದೆ. ಆ ಮಾತು ಹಾಗೇ ಇದೆ. ಈಗ ಕೇಳಬೇಕಾದ್ದು ಬೇರೆ.

ನನಗೆ ಸಕ್ಕರೆ ಕಾಯಿಲೆ. ಡಾಕ್ಟರು ನೀಲಿ ಔಷಧದಲ್ಲಿ ಮೂತ್ರ ಹಾಕಿ ಕಾಸಿದರೆ ಇಟ್ಟಂಗಿ ಬಣ್ಣ ಬರುತ್ತದೆ. ಬಲಗಾಲ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಎರಡು ತಿಂಗಳಾದರೂ ಮಾಯ್ದಿಲ್ಲ. "ಬಾಯಾರ, ಅನ್ನ ಬಿಡ್ರಿ, ಮೈದಾ ಮುಟ್ಟಬ್ಯಾಡ್ರಿ. ಇಡೀ ಗೋದೀದು ತಿನ್ರಿ. ಇಲ್ಲಾಂದ್ರ ಮೊದಲು ಬೆರಳು ಹೋಗತೈತಿ, ಆಮ್ಯಾಲೆ ಪಾದ" ಅಂದರು.

ಸಾಲಿಯಲ್ಲಿ ಮಕ್ಕಳಿಗೆ ಕಲಿಸಿ ಬಂದು ರೊಟ್ಟಿ ಬಡಿಯಲು ಆಗುತ್ತಿಲ್ಲ. ಬೆರಳ ತುದಿಗಳು ಜೋಮು ಹಿಡಿದಿವೆ, ಹಂಚು ಸುಟ್ಟರೂ ತಿಳಿಯದು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ನಮ್ಮ ಜೈನರ ನೇಮ ನಿನಗೆ ಗೊತ್ತು. ಕಂದು ಬ್ರೆಡ್ಡು ಇಲ್ಲವೇ ಗೋದಿ ಶ್ಯಾವಿಗಿ ನಡೆಯುತ್ತದೆ ಅಂದರು ಡಾಕ್ಟರು. ಬ್ರೆಡ್ಡು ನನಗೆ ನಡೆಯದು, ಶ್ಯಾವಿಗಿ ನಡೆದೀತು. ನಮ್ಮ ಸಾಲಿಯ ಬಾಳಪ್ಪ ಮಾಸ್ತರರಿಗೂ ಇದೇ ಕಾಯಿಲೆ. ನಂದಗಡದಿಂದ ದಿನಾ ಬಸ್ಸಿಗೆ ಬರುವವರು. ಅವರಿಗೆ ಬ್ರೆಡ್ಡು ನಡೆಯುತ್ತದೆ.

ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ಗೋದಿಯದೇ. ಖರೇದು ಯಾವುದು, ಸುಳ್ಳು ಯಾವುದು? ಹಿಟ್ಟಿನ ದಂಧೆಯವನು ನೀನು. ತಿಳಿದಷ್ಟು ಬರೆ.

ಅಕ್ಕಾತಾಯಿ

*

ಖಾಸಬಾಗ, ಬೆಳಗಾವಿ
೧೮ ಫೆಬ್ರುವರಿ ೧೯೮೩

ಅಕ್ಕಾ, ನಿನ್ನ ಪಾದಕ್ಕೆ ನಮಸ್ಕಾರ.

ಅಂಚೆಯವ ಬಂದಾಗ ಮೊಳಕೈ ತನಕ ಹಿಟ್ಟು ಹತ್ತಿತ್ತು. ತೊಳೆದುಕೊಂಡು ಒಡೆದೆ. ನಿನ್ನ ಕಾಗದಕ್ಕೆ ನನ್ನ ಮೈಲಿಗಿ ಯಾಕೆ ಹತ್ತಬೇಕು.

ನಾವು ಸಣ್ಣವರಿದ್ದಾಗ ಅವ್ವ ಗೋದಿ ಬೀಸಿ ಜರಡಿ ಹಿಡಿಯುತ್ತಿದ್ದಳಲ್ಲ, ಬಿಳಿದು ಮಂದಿಗೆ, ಬೂಸಾ ಎಮ್ಮೆಗೆ. ಎಮ್ಮೆಗೆ ಸಕ್ಕರೆ ಕಾಯಿಲೆ ಬಂದದ್ದು ನಾ ಕಂಡಿಲ್ಲ. ಈಗ ಡಾಕ್ಟರು ಎಮ್ಮೆಯ ಪಾಲು ನಿನಗೆ ಕೊಡಿಸುತ್ತಿದ್ದಾರೆ, ಅಷ್ಟೇ. ಗೋದಿ ಕಾಳಿನಲ್ಲಿ ಮೇಲಿನ ಸಿಪ್ಪೆ, ನಡುವಿನ ಹಿಟ್ಟು, ತುದಿಯ ಮೊಳಕೆ, ಈ ಮೂರೂ ಕೂಡಿದರೆ ಇಡೀ ಗೋದಿ. ನಡುವಿನದೊಂದೇ ಇಟ್ಟರೆ ಮೈದಾ. ಹಾಗಾಗಿ ಅಂಗಡಿಯವ "ಇದೂ ಗೋದೀದ ಐತ್ರಿ" ಅಂದರೆ ಅವನ ಮೇಲೆ ಸುಳ್ಳಿನ ದಾವೆ ಹಾಕಲು ಬರುವುದಿಲ್ಲ. ಮೈದಾ ಏನು ಜೋಳದಿಂದ ಬರುತ್ತದೆಯೇ? "ಇಡೀ ಗೋದೀದ ಏನು, ಬೂಸಾ ಸಮೇತ?" ಅಂತ ಕೇಳು. ಪ್ರಶ್ನೆ ಸರಿ ಇದ್ದರೆ ಅರ್ಧ ಮಂದಿ ಅಲ್ಲೇ ಮುಗ್ಗರಿಸುತ್ತಾರೆ. ಮಾಸ್ತರಿಕಿ ಮಾಡಿದವಳಿಗೆ ನಾ ಇದನ್ನು ಹೇಳಬೇಕೇ.

ಬಾಳಪ್ಪ ಮಾಸ್ತರರಿಗೆ ಹೇಳು: ಒಂದೇ ಗಾತ್ರದ ಎರಡು ಬ್ರೆಡ್ಡು ಎರಡು ಕೈಯಲ್ಲಿ ಹಿಡಿದು ತೂಗಲಿ. ಇಡೀ ಗೋದಿಯದು ಕೈ ಜಗ್ಗುತ್ತದೆ. ಹೆಬ್ಬೆರಳಿಂದ ಒತ್ತಲಿ. ಮೈದಾ ಬ್ರೆಡ್ಡು ಹತ್ತಿಯ ಗಾದಿಯಂತೆ ಮತ್ತೆ ಎದ್ದು ಕೂಡುತ್ತದೆ. ಗೋದಿಯದು ಒತ್ತಿದಲ್ಲೇ ಒತ್ತಿಸಿಕೊಂಡು ಇರುತ್ತದೆ, ಬಡವರ ಮನೆಯ ಸೊಸೆಯ ಹಾಗೆ. ಕತ್ತರಿಸಿದರೆ ಪುಡಿ ಉದುರಬೇಕು. ಬಹಳ ಮೆತ್ತಗಿದ್ದರೆ ಸಂಶಯ ಪಡಲಿ.

ಶ್ಯಾವಿಗಿ ಆದರೆ ಎಳೆ ಮುರಿದು ಮುರಿದ ಬಾಯಿ ನೋಡು, ಬೂಸಾದ ಚುಕ್ಕಿ ಕಾಣಬೇಕು. ಕುದಿಸಿದ ನೀರು ಗಂಜಿಯಂತೆ ಬಿಳಿ ತಿರುಗಿತೋ, ಮೈದಾ. ಚುಕ್ಕಿ ಇದ್ದು ನೀರು ಬಿಳಿ ಆಗದಿದ್ದರೆ ತಿನ್ನಲು ಅಡ್ಡಿಯಿಲ್ಲ.

ಬೆರಳಿನ ಸುದ್ದಿ ಬರೆಯುತ್ತಿರು. ನಾನು ಬಂದು ನೋಡಲೇ ಅಂತ ಕೇಳುವುದಿಲ್ಲ. ಕೇಳಿದರೆ ನೀ ಬೇಡ ಅಂತಿ. ಆ ಮಾತು ಆಡುವ ತ್ರಾಸು ನಿನಗೂ, ಕೇಳುವ ತ್ರಾಸು ನನಗೂ ತಪ್ಪಲಿ.

ನಿನ್ನ ತಮ್ಮ
ಧನ್ಯಕುಮಾರ

*

ಖಾನಾಪುರ
೯ ಮಾರ್ಚ್ ೧೯೮೩

ಧನ್ಯಾ,

ನಿನ್ನ ಕಾಗದ ಎರಡು ಸಲ ಓದಿ, ಬಾಳಪ್ಪ ಮಾಸ್ತರರಿಗೂ ಓದಿ ಹೇಳಿದೆ. ಅವರು ಬಡವರ ಮನೆಯ ಸೊಸೆಯ ಮಾತಿಗೆ ನಕ್ಕರು. ನನಗೆ ನಗು ಬರಲಿಲ್ಲ, ಆದರೆ ಮಾತು ಸರಿ ಇದೆ. ಕಲಿಸುವುದು ನಿನಗೆ ಬರುತ್ತಿತ್ತು. ಅಪ್ಪ ನಿನ್ನನ್ನು ಸಾಲಿ ಬಿಡಿಸಬಾರದಿತ್ತು.

ಪೇಟೆಯ ಗುರುಪುತ್ರಪ್ಪನ ಅಂಗಡಿಯಲ್ಲಿ ಐದು ನಮೂನೆ ಶ್ಯಾವಿಗಿ ತೆಗೆಸಿ ಮುರಿದು ನೋಡಿದೆ. "ಬಾಯಾರ, ಕೊಳ್ಳಾಕ ಬಂದೀರೋ ಪರೀಕ್ಷಾ ತೊಗೊಳ್ಳಾಕ ಬಂದೀರೋ?" ಅಂದ. ನಾಲ್ಕು ನಾಪಾಸಾದವು. ಒಂದು ಪಾಸಾಯಿತು. 'ಬಂಗಾರತೆನಿ ಶುದ್ಧ ಗೋದಿ ಶ್ಯಾವಿಗಿ', ಹಸಿರು ಚೀಟಿ. ಮುರಿದಲ್ಲೆಲ್ಲ ಚುಕ್ಕಿ. ಕುದಿಸಿದ ನೀರು ಬಿಳಿಯಲ್ಲ, ಕಂದು. ಬೆಂದ ಮೇಲೆ ಮೆತ್ತಗೂ ಆಗುತ್ತದೆ. ಈಗ ಮುಂಜಾನೆ ಒಂದು ತಾಟು, ಸಂಜೆ ಒಂದು ತಾಟು ಅದೇ. ಗೋದಿಯದಾದ್ದರಿಂದ ಹೊಟ್ಟೆ ತುಂಬ ತಿನ್ನುತ್ತೇನೆ. ಬ್ರೆಡ್ಡಿಗಿಂತ ಇದೇ ಸರಿ ಅಂತ ಮಾಸ್ತರರೂ ನಾಲ್ಕು ಪ್ಯಾಕೆಟ್ಟು ಒಯ್ದರು.

ನಿನ್ನ ಮನೆಯದು ನಾನು ತಿನ್ನುವುದಿಲ್ಲ. ಆದರೆ ನಿನ್ನ ಮಾತು ನಂಬಿ ತಿನ್ನುತ್ತಿದ್ದೇನಲ್ಲ, ಒಂದು ಲೆಕ್ಕದಲ್ಲಿ ಇದೂ ನಿನ್ನ ಕೈಯಿಂದ ಉಂಡ ಹಾಗೆಯೇ ಅಂತ ನಿನ್ನೆ ಅನಿಸಿತು. ಅನಿಸಿದ್ದನ್ನು ಬರೆದಿದ್ದೇನೆ.

ಅಕ್ಕಾತಾಯಿ

*

(ಅಂಚೆಗೆ ಹಾಕದ್ದು)

ಖಾಸಬಾಗ
೧೩ ಮಾರ್ಚ್ ೧೯೮೩

ಅಕ್ಕಾ,

ಬಂಗಾರತೆನಿ ನನ್ನದು. ಬೇಕರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಶೀನು ಕೂಡಿಸಿ ಮೂರು ವರ್ಷವಾಯಿತು. ಬೇಕರಿಯವನದು ಅಂತ ತಿಳಿದರೆ ನಮ್ಮ ಮಂದಿ ಮುಟ್ಟುವುದಿಲ್ಲ ಅಂತ ಚೀಟಿಯ ಮೇಲೆ ಹೆಸರು ಹಾಕಿಸಲಿಲ್ಲ. ಅದು ನಿನ್ನಂಥವರ ಸಲುವಾಗಿಯೇ ಮಾಡಿದ ಹಿಕಮತ್ತು.

ಅದರಲ್ಲಿರುವುದು ಮೈದಾ. ಹತ್ತು ಸೇರು ಮೈದಾಕ್ಕೆ ಒಂದು ಹಿಡಿ ಬೂಸಾ, ಚುಕ್ಕಿ ಕಾಣಲು. ಸುಟ್ಟ ಬೆಲ್ಲದ ನೀರು, ಬಣ್ಣಕ್ಕೆ. ನೀರು ಬಿಳಿ ಆಗದಿರುವುದು ಆ ಬೆಲ್ಲದಿಂದ.

ಮೊದಲ ವರ್ಷ ಖರೇ ಗೋದಿಯದೇ ಮಾಡಿದ್ದೆ. ಮಶೀನಿನಲ್ಲಿ ಎಳೆ ಮುರಿಯಿತು. ಮಳೆಗಾಲಕ್ಕೆ ಹುಳು ಬಿತ್ತು. ಅಂಗಡಿಯವರೆಲ್ಲ ತಿರುಗಿ ಕಳಿಸಿದರು. "ಮಣ್ಣಿನಂಗ ಕಾಣತಾವು" ಅಂದರು. ಅವತ್ತು ತಿಳಿಯಿತು, ಮಂದಿಗೆ ಗೋದಿ ಬೇಡ, ಗೋದಿಯ ಬಣ್ಣ ಬೇಕು. ಬೇಕಾದ್ದು ಕೊಟ್ಟೆ. ಯಾರಿಗೂ ಏನೂ ಆಗಿಲ್ಲ ಅಂತ ಅಂದುಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ.

ನಿನಗೆ ಪರೀಕ್ಷೆ ಬರೆದು ಕಳಿಸುವಾಗ ಒಂದನ್ನು ಬಿಟ್ಟೆ. ಬೇಕೆಂದೇ ಬಿಟ್ಟೆ. ನೀನು ಖಾನಾಪುರದಲ್ಲಿ ಇದನ್ನೇ ಕೊಳ್ಳುತ್ತಿ ಅಂತ ತಿಳಿದಲ್ಲ. ಆ ಪರೀಕ್ಷೆ ಊರ ಬಾಯಿಗೆ ಬಿದ್ದರೆ ಅಂತ ಕೈ ತಡೆಯಿತು, ಅಷ್ಟೇ.

ಇದನ್ನು ಓದಿದ ಮೇಲೆ ನೀ ಮತ್ತೆ ಒಂಬತ್ತು ವರ್ಷ

*

ಖಾಸಬಾಗ
೧೬ ಮಾರ್ಚ್ ೧೯೮೩

ಅಕ್ಕಾ,

ನಿನ್ನ ಕಾಗದ ಮುಟ್ಟಿತು. ಎಲ್ಲ ಮಜಕೂರ ತಿಳಿಯಿತು.

ಆ ಹಸಿರು ಚೀಟಿಯದು ಅಷ್ಟು ಚಲೋ ಅಲ್ಲ ಅಂತ ಇಲ್ಲಿ ಕೇಳಿದ್ದೇನೆ. ಪ್ಯಾಕೆಟ್ಟಿನ ಮಾಲಿಗೆ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಅದನ್ನು ಬಿಡು. ಇದರ ಜತೆ ಬಸ್ಸಿನ ಕಂಡಕ್ಟರ್ ಸಾತಪ್ಪನ ಕೈಯಲ್ಲಿ ಐದು ಸೇರು ಶ್ಯಾವಿಗಿ ಕೊಟ್ಟಿದ್ದೇನೆ. ಜವಾರಿ ಗೋದಿ, ಜರಡಿ ಹಿಡಿಯದೆ ಬೀಸಿದ್ದು, ಬಿಸಿಲಿಗೆ ಒಣಗಿಸಿದ್ದು. ಬೇಕರಿಗೂ ಅದಕ್ಕೂ ಸಂಬಂಧವಿಲ್ಲ. ಪರಿಚಯದ ಜೈನರ ಮನೆಯಲ್ಲೇ ಮಾಡಿಸಿದೆ, ಹುಳಿಯ ಸೋಂಕು ಇಲ್ಲ. ಮಾಸ್ತರರಿಗೂ ಅರ್ಧ ಕೊಡು.

ಗಾಯ ಹೇಗಿದೆ ಅಂತ ಬರೆಯಲಿಲ್ಲ ನೀನು.

ಧನ್ಯಕುಮಾರ

*

ಖಾನಾಪುರ
೩೦ ಏಪ್ರಿಲ್ ೧೯೮೩

ಧನ್ಯಾ,

ಪರೀಕ್ಷೆಯ ಪೇಪರು ತಿದ್ದುವ ಕೆಲಸದಲ್ಲಿ ಕಾಗದ ತಡವಾಯಿತು.

ನೀ ಕಳಿಸಿದ್ದು ತಿರುಗಿ ಸಾತಪ್ಪನ ಕೈಯಲ್ಲೇ ಕೊಟ್ಟಿದ್ದೇನೆ. ಸಿಟ್ಟಾಗಬೇಡ. ನಿನಗೆ ಯಾರೋ ಮೋಸ ಮಾಡಿದ್ದಾರೆ. ಬಣ್ಣ ಮಾಸಿದ್ದು, ಬೂದಿಯಂತೆ. ಕುದಿಸಿದರೆ ತುಂಡು ತುಂಡಾಗಿ ಅಂಬಲಿ ಆಯಿತು, ನೀರು ಬೆಳ್ಳಗೆ ತಿರುಗಿತು. ನೀನೇ ಬರೆದ ಲೆಕ್ಕದಲ್ಲಿ ಅದು ನಾಪಾಸು. ಬಾಳಪ್ಪ ಮಾಸ್ತರರಂತೂ, "ನಿಮ್ಮ ತಮ್ಮ ಬರಿಯೂದರಾಗ ಶಾಣ್ಯಾ, ಕೊಳ್ಳೂದರಾಗ ಅಲ್ಲ ಬಿಡ್ರಿ" ಅಂದರು. ಬಂಗಾರತೆನಿಯೇ ವಾಸಿ. ಅಸಲಿ ಯಾವುದು ಅಂತ ಈಗ ನನ್ನ ಕಣ್ಣಿಗೆ ರೂಢಿಯಾಗಿದೆ.

ಗಾಯ ಕೇಳಿದ್ದಿ. ನೋವಿಲ್ಲ. ನೋವಿಲ್ಲದ್ದೇ ಕೆಟ್ಟದ್ದು ಅಂತಾರೆ ಡಾಕ್ಟರು. ಔಷಧದ ಬಣ್ಣ ಮೊದಲಿಗಿಂತ ಕೆಂಪಾಗಿದೆ. "ಖರೇ ಹೇಳ್ರಿ ಬಾಯಾರ, ಕದ್ದು ಏನರ ತಿಂತೀರೇನು?" ಅಂದರು. ಐವತ್ತೆರಡು ವರ್ಷದವಳಿಗೆ, ಸಾಲಿಯ ಮಕ್ಕಳ ತಾಯಂದಿರು ಸಾಲಾಗಿ ಕೂತಿದ್ದಾಗ.

ಅಕ್ಕಾತಾಯಿ

*

ಖಾನಾಪುರ
೨೦ ಜೂನ್ ೧೯೮೩

ಧನ್ಯಾ,

ನಿನ್ನಿಂದ ಕಾಗದವಿಲ್ಲ. ಶ್ಯಾವಿಗಿ ತಿರುಗಿ ಕಳಿಸಿದ್ದಕ್ಕೆ ಮುನಿಸಿರಬೇಕು. ನಮ್ಮ ಮನೆತನದಲ್ಲಿ ಮುನಿಸಿಗೆ ಕೊರತೆ ಇಲ್ಲ.

ಸಾಲಿ ಸುರುವಾಯಿತು. ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟು ಕಲಿಸುತ್ತೇನೆ. ಹೆಬ್ಬೆರಳು ಕರ್ರಗಾಗಿದೆ. ವಾಸನೆಗೆ ಮುಂದಿನ ಸಾಲಿನ ಹುಡುಗಿಯರು ಹಿಂದೆ ಸರಿದು ಕೂಡುತ್ತಾರೆ. ನಾನು ನೋಡದ ಹಾಗೆ ಇರುತ್ತೇನೆ.

ಒಂದು ಕೆಲಸ ಹೇಳುತ್ತೇನೆ. ಬಂಗಾರತೆನಿ ಎರಡು ತಿಂಗಳಿಂದ ಖಾನಾಪುರಕ್ಕೆ ಬರುತ್ತಿಲ್ಲ. "ಮಾಲ ಕಳಸೂದ ಬಂದ್ ಮಾಡ್ಯಾರ್ರಿ, ಯಾಕಂತ ಹೇಳವಲ್ರು" ಅಂದ ಗುರುಪುತ್ರಪ್ಪ. ಸಾತಪ್ಪನಿಗೆ ಹೇಳಿ ಬೆಳಗಾವಿಯಿಂದ ಹತ್ತು ಹತ್ತು ಪ್ಯಾಕೆಟ್ಟು ತರಿಸುತ್ತಿದ್ದೇವೆ, ನನಗೆ ಐದು, ಮಾಸ್ತರರಿಗೆ ಐದು. ಆ ಕಾರಖಾನೆ ನಿಮ್ಮ ಖಾಸಬಾಗದಲ್ಲೇ ಇದೆಯಂತೆ. ಒಂದೇ ದಂಧೆಯವರು, ಮಾಲಕ ನಿನಗೆ ಪರಿಚಯ ಇರಬೇಕು. ಇಲ್ಲಿ ಇಬ್ಬರು ಸಕ್ಕರೆ ಬ್ಯಾನಿಯವರು ಅದರ ಮೇಲೇ ಇದ್ದೇವೆ, ಕಳಿಸುವುದನ್ನು ನಿಲ್ಲಿಸಬೇಡಿ ಅಂತ ಅವನಿಗೆ ಹೇಳು.

ಅಕ್ಕಾತಾಯಿ

*

ಖಾಸಬಾಗ
೪ ಜುಲೈ ೧೯೮೩

ಅಕ್ಕಾ,

ಆ ಮಾಲಕ ನಾನೇ.

ಅದು ಮೈದಾ. ಚುಕ್ಕಿ ಅಂದರೆ ಮೇಲೆ ಎಸೆದ ಒಂದು ಹಿಡಿ ಬೂಸಾ. ಕಂದು ಬಣ್ಣ ಸುಟ್ಟ ಬೆಲ್ಲದ್ದು. ನೀ ಸಕ್ಕರೆ ಬಿಟ್ಟು ಎರಡೂ ಹೊತ್ತು ಅದನ್ನು ಉಂಡಿದ್ದಿ. ಡಾಕ್ಟರು ಕೇಳಿದ್ದು ಸರಿ ಇತ್ತು, ಕದ್ದವರು ಯಾರು ಅನ್ನುವುದರಲ್ಲಿ ಮಾತ್ರ ತಪ್ಪಿದರು.

ಬಿಟ್ಟ ಪರೀಕ್ಷೆ ಈಗ ಬರೆಯುತ್ತೇನೆ. ನಾಲ್ಕು ಎಳೆ ತಣ್ಣೀರಿನಲ್ಲಿ ಹಾಕಿಡು, ಒಲೆಗೆ ಇಡಬೇಡ. ಇಡೀ ಗೋದಿಯ ಬಣ್ಣ ಕಾಳಿನೊಳಗಿನದು, ಅಷ್ಟು ಬೇಗ ಬಿಡುವುದಿಲ್ಲ. ನನ್ನದು ಬಿಡುತ್ತದೆ. ಬ್ರೆಡ್ಡಿಗೂ ಇದೇ ಮಾತು. ಮಣ್ಣಿನ ಬಣ್ಣ ಗೋದಿಯದು, ಚಹಾದ ಬಣ್ಣ ಬೆಲ್ಲದ್ದು. ನೀ ಪಾಸು ಮಾಡಿದ್ದು ಸುಳ್ಳು, ನಾಪಾಸು ಮಾಡಿ ತಿರುಗಿ ಕಳಿಸಿದ್ದು ಖರೇದು. ಆ ನೀರು ಬೆಳ್ಳಗಾದದ್ದು ಎಳೆ ಒಡೆದು ಹಿಟ್ಟು ಬಿಟ್ಟದ್ದರಿಂದ. ನಾ ಬರೆದ ಪರೀಕ್ಷೆಯೇ ಅಡ್ಡದಾರಿಯದು. ಅದರಲ್ಲಿ ನನ್ನ ಮಾಲು ಪಾಸಾಗುತ್ತದೆ, ಅವ್ವ ಕೈಯಾರೆ ಮಾಡಿದ್ದರೂ ನಾಪಾಸಾಗುತ್ತಿತ್ತು.

ಮಾರ್ಚಿನಲ್ಲೇ ಬರೆದಿದ್ದೆ. ಹಾಕಲಿಲ್ಲ. ನನ್ನ ಮಾತು ನಂಬಿ ಉಂಡೆ ಅಂತ ನೀ ಬರೆದದ್ದೊಂದು ಸಾಲು ಇತ್ತಲ್ಲ, ಒಂಬತ್ತು ವರ್ಷದಲ್ಲಿ ನಿನ್ನಿಂದ ಬಂದ ಒಂದೇ ಚಲೋ ಮಾತು, ಅದನ್ನು ಕಳಕೊಳ್ಳಲು ಆಗಲಿಲ್ಲ. ಖಾನಾಪುರಕ್ಕೆ ಮಾಲು ನಿಲ್ಲಿಸಿದರೆ ಸಾಕು, ಬಾಯಿ ಬಿಡುವುದು ಬೇಕಿಲ್ಲ ಅಂತ ಲೆಕ್ಕ ಹಾಕಿದೆ. ಲೆಕ್ಕದಲ್ಲಿ ಸಾತಪ್ಪನನ್ನು ಹಿಡಿದಿರಲಿಲ್ಲ. ನಿನ್ನ ಜೂನಿನ ಕಾಗದ ಹನ್ನೊಂದು ದಿನ ಕಿಸೆಯಲ್ಲಿತ್ತು. ಆ ಹನ್ನೊಂದನ್ನೂ ನನ್ನ ಕಡೆಗೇ ಬರೆದುಕೋ.

ಇವತ್ತೇ ಅದನ್ನು ಚೆಲ್ಲು. ಇಲ್ಲಿಗೆ ಬಾ, ದೊಡ್ಡ ಡಾಕ್ಟರಿಗೆ ತೋರಿಸೋಣ. ನನ್ನ ಮನೆಯಲ್ಲಿ ಇಳಿಯಬೇಡ, ಬಸದಿಯ ಧರ್ಮಶಾಲೆಯಲ್ಲಿ ಇಳಿ, ನಾ ಬಾಗಿಲ ಹೊರಗೆ ನಿಲ್ಲುತ್ತೇನೆ. ಕ್ಷಮಿಸು ಅನ್ನಲು ಬಾಯಿಲ್ಲ, ಆದರೂ ಬರೆದಿದ್ದೇನೆ.

ಧನ್ಯಕುಮಾರ

*

ದವಾಖಾನೆ, ಹೆಂಗಸರ ವಾರ್ಡು
ಬೆಳಗಾವಿ
೨೭ ಜುಲೈ ೧೯೮೩

ಧನ್ಯಾ,

ನಿನ್ನ ಕಾಗದ ಖಾನಾಪುರಕ್ಕೆ ಹೋಗಿ, ಸಾಲಿಯ ಸಿಪಾಯಿಯ ಕೈಯಿಂದ ನಿನ್ನೆ ಇಲ್ಲಿಗೆ ಬಂತು. ನಾನು ಈ ಊರಿಗೆ ಬಂದು ಇಪ್ಪತ್ತೈದು ದಿನವಾಯಿತು. ನೀ ಆ ಕಾಗದ ಬರೆಯುವ ಹಿಂದಿನ ದಿನ, ಜುಲೈ ಮೂರಕ್ಕೆ, ಬಲಗಾಲನ್ನು ಮೊಳಕಾಲಿನ ಕೆಳಗೆ ತೆಗೆದರು. ನಿನಗೆ ತಿಳಿಸಲಿಲ್ಲ. ಮುನಿಸಿದವನಿಗೆ ಯಾಕೆ ತ್ರಾಸು ಅಂತ.

ಗಂಟಿನಲ್ಲಿ ಅರ್ಧ ಪ್ಯಾಕೆಟ್ಟು ಇತ್ತು. ನಾಲ್ಕು ಎಳೆ ಲೋಟದ ನೀರಿಗೆ ಹಾಕಿದೆ. ನರ್ಸಬಾಯಿ ಬಾಜುದವಳಿಗೆ ಸೂಜಿ ಚುಚ್ಚಿ ತಿರುಗುವುದರಲ್ಲಿ ಚಹಾ ಆಗಿತ್ತು. "ಬಾಯಾರ, ಚಹಾ ಬಂದ್ ಅಲ್ರಿ ನಿಮಗ?" ಅಂದಳು.

ದೊಡ್ಡ ಡಾಕ್ಟರನ್ನು ಕೇಳಿದೆ. ಬರೀ ಶ್ಯಾವಿಗಿಯಿಂದ ಕಾಲು ಹೋಗಿಲ್ಲ ಅಂದರು. ಗಾಯ ತಡವಾಗಿ ತೋರಿಸಿದ್ದು, ದಿನಾ ನಿಂತು ಕಲಿಸಿದ್ದು, ಮೊದಲಿನಿಂದ ಇದ್ದ ಕಾಯಿಲೆ, ಎಲ್ಲ ಕೂಡಿವೆ. ಆದರೆ ಐದು ತಿಂಗಳು ಪಥ್ಯ ಸರಿ ಇದ್ದಿದ್ದರೆ ಬೆರಳಿನಲ್ಲೇ ಮುಗಿಯಬಹುದಿತ್ತು ಅಂದರು. ಬಹುದಿತ್ತು ಅಂದರು, ಹೌದು ಅನ್ನಲಿಲ್ಲ. ನಿನ್ನ ಪಾಲಿಗೆ ಎಷ್ಟು ಬರುತ್ತದೋ ಅಷ್ಟನ್ನೇ ತಗೋ. ಎಲ್ಲಾ ನನ್ನದೇ ಅಂತ ಎದೆ ಬಡಿದುಕೊಳ್ಳುವುದೂ ಒಂದು ನಮೂನೆ ದೊಡ್ಡಸ್ತಿಕೆ.

ಕ್ಷಮೆಯ ಮಾತು. ಭಾದ್ರಪದದ ಪರ್ವದಲ್ಲಿ ಇರುವೆಗೂ ಹುಳುವಿಗೂ ಕ್ಷಮೆ ಕೇಳುತ್ತೇವೆ, ಕೊಡುತ್ತೇವೆ. ಆ ಸಾಲಿನಲ್ಲಿ ನಿನ್ನದೂ ಬರುತ್ತದೆ. ಬೇರೆಯಾಗಿ ಬರೆಯಲಾರೆ.

ನನ್ನ ಪಾಲೂ ಒಂದಿದೆ. ಬಾಳಪ್ಪ ಮಾಸ್ತರರಿಗೆ ನಿನ್ನ ಕಾಗದ ಓದಿ ಹೇಳಿದವಳು ನಾನು. ಪ್ಯಾಕೆಟ್ಟು ಕೈಯಲ್ಲಿಟ್ಟವಳು ನಾನು. ಜೂನ್ ಕೊನೆಯಿಂದ ಅವರು ಸಾಲಿಗೆ ಬಂದಿರಲಿಲ್ಲ, ಮೈಯಲ್ಲಿ ನೆಟ್ಟಗಿಲ್ಲ ಅಂತ ಚೀಟಿ ಕಳಿಸಿದ್ದರು. ಈಗ ನಾನು ನಡೆದು ಹೋಗಿ ಹೇಳಲಾರೆ. ನೀನು ನಂದಗಡಕ್ಕೆ ಹೋಗು. ಕಾಗದ ಬರೆಯಬೇಡ, ಕಾಗದ ಬರೆಯುವುದು ನಿನಗೆ ಬಹಳ ಸಲೀಸು. ಎದುರಿಗೆ ನಿಂತು ಹೇಳು.

ಇಲ್ಲಿಗೆ ಬರಬೇಡ.

ಅಕ್ಕಾತಾಯಿ

*

ಖಾಸಬಾಗ
೧೬ ಆಗಸ್ಟ್ ೧೯೮೩

ಅಕ್ಕಾ,

ಬರಬೇಡ ಅಂದಿದ್ದಿ, ಬಂದಿಲ್ಲ. ನಾಲ್ಕು ದಿನ ದವಾಖಾನೆಯ ಗೇಟಿನ ತನಕ ಬಂದಿದ್ದೆ, ಅದನ್ನು ಬಂದದ್ದರಲ್ಲಿ ಹಿಡಿಯಬೇಡ.

ಉಳಿದ ಹಸಿರು ಚೀಟಿಗಳನ್ನು ಭಟ್ಟಿಗೆ ಹಾಕಿದೆ. ಈಗ ಬೆಲ್ಲವಿಲ್ಲ, ಬೂಸಾ ಇಲ್ಲ. 'ಮೈದಾ ಶ್ಯಾವಿಗಿ' ಅಂತಲೇ ಅಚ್ಚು ಹಾಕಿಸಿದ್ದೇನೆ. ಖಾನಾಪುರದಲ್ಲಿ ಇಳಿದು ಗುರುಪುತ್ರಪ್ಪನಿಗೂ ಎಲ್ಲ ಹೇಳಿದೆ. ಅವನು ಹೊಸ ಪ್ಯಾಕೆಟ್ಟು ತಿರುವಿ ನೋಡಿ, "ಇದನ್ನ ಯಾರ ಒಯ್ತಾರ್ರಿ? ಮೊದಲಿನ ಖರೇ ಗೋದೀದ ಕೊಡ್ರಿ" ಅಂದ. ಮತ್ತೊಮ್ಮೆ ಹೇಳಿದೆ. "ಅದ ಕೊಡ್ರಿ ಅಂದ್ನಲ್ಲ" ಅಂದ.

ನಂದಗಡದಲ್ಲಿ ಇಳಿದು ಬಾಳಪ್ಪ ಮಾಸ್ತರರ ಮನೆ ಕೇಳಿದೆ. ಪಾನಪಟ್ಟಿಯವ ಸುಣ್ಣ ಹಚ್ಚುತ್ತಿದ್ದ ಕೈ ನಿಲ್ಲಿಸಿ, "ಮಾಸ್ತರ ಹೋಗಿ ಹದಿಮೂರು ದಿವಸ ಆತಲ್ರಿ" ಅಂದ. ನಿನಗೆ ಇದನ್ನು ಯಾರೂ ತಿಳಿಸಿರಲಿಕ್ಕಿಲ್ಲ. ನನ್ನ ಕಾಗದದಿಂದ ತಿಳಿಯುವ ಹಾಗಾಯಿತು.

ಬಂದ ಬಸ್ಸು ತಿರುಗಿ ನಿಂತಿತ್ತು. ಹೇಳಬೇಕಾದವರೇ ಇಲ್ಲ, ಯಾರಿಗೆ ಹೇಳುವುದು ಅಂತ ಹತ್ತಿ ಕೂತೆ. ಕಂಡಕ್ಟರ್ ಸೀಟಿ ಊದಿದ ಮೇಲೆ ಇಳಿದೆ.

ಮನೆಯಲ್ಲಿ ಅವರ ಹೆಂಡತಿ ಬಸವಣ್ಣೆವ್ವ ಒಬ್ಬರೇ ಇದ್ದರು. ಗುರುತು ಹೇಳಿದೆ. "ಬರ್ರಿ, ಕುಂದರ್ರಿ. ಅಕ್ಕಾತಾಯಿ ಬಾಯಾರ ತಮ್ಮ ಅಂದ್ರ ನೀವ ಏನ್ರಿ? ನಿಮ್ಮ ಮಾತು ನಮ್ಮ ಮನಿಯವರ ಬಾಯಾಗ ಯಾವಾಗ್ಲೂ ಇರ್ತಿತ್ತು. ಶ್ಯಾವಿಗಿ ಮುರದು ನನಗ ತೋರಸಾವ್ರು, 'ಚುಕ್ಕಿ ಅದಾವ ನೋಡ' ಅಂತ" ಅಂದರು. ನಾನು ಕೂಡಲಿಲ್ಲ. ನೀ ಹೇಳಿದ ಹಾಗೆ ನಿಂತೇ ಹೇಳಿದೆ. ಮೈದಾ ಅಂದೆ, ಸುಟ್ಟ ಬೆಲ್ಲ ಅಂದೆ, ಒಂದು ಹಿಡಿ ಬೂಸಾ ಅಂದೆ. ಬಂಗಾರತೆನಿ ನನ್ನದು ಅಂದೆ. ನಿನ್ನ ಕಾಲಿನ ಸುದ್ದಿಯನ್ನೂ ಹೇಳಿದೆ.

"ಬೂಸಾ ಖರೇ ಹಾಕ್ತಿದ್ರ್ಯಾ?" ಅಂದರು.

"ಖರೇರಿ."

"ಅಷ್ಟಾದ್ರೂ ಹಾಕಿದ್ರಲ್ಲ."

ಎದ್ದು ಒಳಗೆ ಹೋದರು. ಮುಗಿಯಿತು, ಹೊರಡೋಣ ಅಂತ ಚಪ್ಪಲಿ ಹುಡುಕುತ್ತಿದ್ದೆ. ತಾಟು ಹಿಡಿದು ಬಂದರು. ಶ್ಯಾವಿಗಿ, ಹಾಲು ಹಾಕಿದ್ದು. "ಅವರ ಸಲುವಾಗಿ ತಂದದ್ದು, ಎರಡು ಪ್ಯಾಕೆಟ್ಟು ಉಳದಾವು. ಚೆಲ್ಲಾಕ ಕೈ ಬರವಲ್ದು. ಅಷ್ಟ ದೂರದಿಂದ ಬಂದೀರಿ, ಉಂಡ ಹೋಗ್ರಿ."

ಸಿಟ್ಟಿನಿಂದ ಬಡಿಸಿದರೋ, ಬಂದವರಿಗೆ ಬಡಿಸುವ ಪದ್ಧತಿಯಿಂದಲೋ, ಮುಖ ನೋಡಿ ತಿಳಿಯಲಿಲ್ಲ. ಮೂರು ವರ್ಷ ಮಾರಿದ್ದೇನೆ ಅಕ್ಕಾ, ಒಂದು ದಿನವೂ ತಿಂದಿರಲಿಲ್ಲ. ಕೂತು ಉಂಡೆ. ಅವರು ಎದುರಿಗೆ ಗೋಡೆಗೆ ಬೆನ್ನು ಆನಿಸಿ ಕೂತು ನೋಡುತ್ತಿದ್ದರು.

"ಮೆತ್ತಗ ಆಗ್ಯಾವಲ್ರಿ?" ಅಂದರು.

"ಹೌದ್ರಿ" ಅಂದೆ.

ಮತ್ತೊಂದು ಸಲ ಬಡಿಸಿದರು. ಕೈ ಅಡ್ಡ ಹಿಡಿಯಲಿಲ್ಲ.

ಧನ್ಯಕುಮಾರ